ಆಟೋ ಟಾಪ್-ಅಪ್ ಕೈಕೊಟ್ಟಿದೆ, ಹೊಸದು ತಗೋಬೇಕಾ?

ಅಕ್ವೇರಿಯಂ ಇಟ್ಟವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ಆಟೋ ಟಾಪ್-ಅಪ್ ಅಂದರೆ ಟ್ಯಾಂಕಿನಲ್ಲಿ ಕಡಿಮೆಯಾದ ನೀರನ್ನು ತಾನೇ ತುಂಬಿಸುವ ಮೆಷಿನ್. ಒಬ್ಬರಿಗೆ ನೀರು ತುಂಬಿ ನೆಲಕ್ಕೆ ಹರಿದಿರುತ್ತದೆ. ಇನ್ನೊಬ್ಬರಿಗೆ ನೀರು ಬರುತ್ತಲೇ ಇಲ್ಲ. ಇಬ್ಬರೂ ಕೊನೆಗೆ ಕೇಳುವುದು ಒಂದೇ: "ಹೊಸದು ತಗೋಬೇಕಾ?"

ಬೇಡ. ಕನಿಷ್ಠ ಇವತ್ತೇ ಬೇಡ. ಕಂಟ್ರೋಲರ್ ಪೆಟ್ಟಿಗೆ ಕೆಡುವುದು ಅಪರೂಪ. ಕೈಕೊಡುವುದು ಹೆಚ್ಚಾಗಿ ಅದಕ್ಕೆ ಅಂಟಿಕೊಂಡಿರುವ ಸಾಮಾನು. ಪೈಪು, ಫ್ಲೋಟು (ನೀರಿನ ಮಟ್ಟದ ಜೊತೆ ಏರಿಳಿಯುವ ತೇಲುಬಿಲ್ಲೆ), ಸೆನ್ಸರ್ ತುದಿ, ಪುಟ್ಟ ಪಂಪು.

ಹೊಸಬರಿಗಾಗಿ ಎರಡು ಮಾತು. ಟ್ಯಾಂಕಿನ ನೀರು ದಿನವೂ ಆವಿಯಾಗುತ್ತದೆ. ಬೇಸಿಗೆಯಲ್ಲಿ, ಅದರಲ್ಲೂ ನೀರಿನ ಮೇಲೆ ಫ್ಯಾನ್ ಹಾಕಿದರೆ, ಇನ್ನೂ ಜಾಸ್ತಿ. ಕಡಿಮೆಯಾದದ್ದನ್ನು ಸೆನ್ಸರ್ ಗಮನಿಸುತ್ತದೆ, ಪಂಪು ಪಕ್ಕದ ಕ್ಯಾನ್‌ನಿಂದ ಅಷ್ಟನ್ನು ತಂದು ಹಾಕುತ್ತದೆ. ಉಪ್ಪುನೀರಿನ ಟ್ಯಾಂಕಿಗೆ ಇದು ಶೋಕಿ ಅಲ್ಲ, ಅಗತ್ಯ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ತುಂಬಿಸಬೇಕಾದ್ದು ಸಿಹಿನೀರು, ಸಾಧ್ಯವಾದರೆ ಆರ್‌ಒ ನೀರು.

ನೀರು ನಿಲ್ಲುತ್ತಿಲ್ಲ ಎಂದರೆ ಮೊದಲು ಒಂದು ಕೆಲಸ ಮಾಡಿ: ಟಾಪ್-ಅಪ್ ಪಂಪಿನ ಪ್ಲಗ್ ಕಿತ್ತು ಪೈಪಿನ ತುದಿ ನೋಡಿ. ನೀರು ಬರುವುದು ನಿಂತಿತಾ? ಹಾಗಾದರೆ ತಪ್ಪು ಸೆನ್ಸರ್ ಕಡೆಯದು. ಪ್ಲಗ್ ಕಿತ್ತ ಮೇಲೂ ಬರುತ್ತಲೇ ಇದೆಯಾ? ಹಾಗಾದರೆ ಅದು ಸೈಫನ್, ಅಂದರೆ ಪಂಪಿಲ್ಲದೆಯೂ ಮೇಲಿನ ನೀರು ಪೈಪಿನಲ್ಲಿ ತಾನಾಗಿ ಕೆಳಗೆ ಹರಿಯುವುದು. ಹೊಸ ಮೆಷಿನ್ ತಂದರೂ ಅದು ನಿಲ್ಲುವುದಿಲ್ಲ.

ಸೈಫನ್ ವಿಷಯದಲ್ಲಿ ಎಲ್ಲರೂ ಒಂದೇ ಕಡೆ ಎಡವುತ್ತಾರೆ. "ಪೈಪಿನ ತುದಿ ಸಂಪ್ ನೀರಿಗೆ ತಾಗೋದೇ ಇಲ್ಲ ಸಾರ್, ಸೈಫನ್ ಹೇಗಾಗುತ್ತೆ?" ಅಂತಾರೆ. (ಸಂಪ್ ಅಂದರೆ ಇಲ್ಲಿ ಟ್ಯಾಂಕಿನ ಕೆಳಗೆ ಕ್ಯಾಬಿನೆಟ್‌ನಲ್ಲಿರುವ ಗಾಜಿನ ತೊಟ್ಟಿ, ಮನೆ ಮುಂದಿನ ಸಂಪ್ ಅಲ್ಲ.) ತುದಿ ಗಾಳಿಯಲ್ಲಿದ್ದರೂ ಸೈಫನ್ ಹರಿಯುತ್ತದೆ. ಕ್ಯಾನ್‌ನ ನೀರಿನ ಮಟ್ಟಕ್ಕಿಂತ ಆ ತುದಿ ಕೆಳಗಿದ್ದರೆ ಸಾಕು. ಪಂಪು ಒಂದು ಸಲ ಪೈಪನ್ನು ತುಂಬಿಸಿಬಿಟ್ಟರೆ ಆಯಿತು, ಆಮೇಲೆ ಪಂಪಿನ ಹಂಗೇ ಬೇಡ. ಕ್ಯಾನ್ ಖಾಲಿಯಾಗುವವರೆಗೆ ಅಥವಾ ನೀರಿನ ಮಟ್ಟ ತುದಿಯ ಮಟ್ಟಕ್ಕೆ ಇಳಿಯುವವರೆಗೆ ಹರಿಯುತ್ತಲೇ ಇರುತ್ತದೆ. ಕ್ಯಾನ್ ಅನ್ನು ಸ್ಟೂಲ್ ಮೇಲೋ ಟ್ಯಾಂಕಿನ ಪಕ್ಕದ ಮೇಜಿನ ಮೇಲೋ ಇಟ್ಟವರ ಮನೆಯಲ್ಲೇ ಈ ಪ್ರವಾಹ ಜಾಸ್ತಿ.

ಸುಲಭದ ದಾರಿ, ಕ್ಯಾನ್ ಅನ್ನು ನೆಲಕ್ಕಿಳಿಸಿ. ತುಂಬಿದ ಕ್ಯಾನ್‌ನ ನೀರಿಗಿಂತ ಪೈಪಿನ ತುದಿ ಮೇಲಿರಲಿ. ಜಾಗವಿಲ್ಲ ಅಂತಾದರೆ, ಪೈಪು ಅತಿ ಎತ್ತರಕ್ಕೆ ಹೋಗಿ ಬಾಗುವ ಕಡೆ ಸೂಜಿಯಿಂದ ಒಂದು ತೂತು ಮಾಡಿ. ಆ ತೂತು ಕ್ಯಾನ್‌ನ ಬಾಯಿಯ ನೇರಕ್ಕೆ, ಒಳಗಿನ ನೀರಿಗಿಂತ ಮೇಲೆ ಇರಬೇಕು. ಪಂಪು ಓಡುವಾಗ ಅಲ್ಲಿಂದ ಚಿಮ್ಮುವ ನೀರು ಕ್ಯಾನ್‌ಗೇ ಬೀಳುತ್ತದೆ. ಪಂಪು ನಿಂತ ಕೂಡಲೇ ಅಲ್ಲಿಂದ ಗಾಳಿ ಎಳೆದುಕೊಂಡು ಸೈಫನ್ ಕಡಿಯುತ್ತದೆ. ತೂತು ಮುಚ್ಚಿಕೊಂಡಿಲ್ಲವೇ ಅಂತ ಆಗಾಗ ನೋಡುತ್ತಿರಿ. ಚೆಕ್ ವಾಲ್ವ್ ಹಾಕಿದರೆ ಸಾಲದೇ ಅಂತ ಕೇಳುತ್ತಾರೆ. ನೀರು ಮುಂದಕ್ಕೆ ಹರಿಯುವುದನ್ನು ಅದು ತಡೆಯುವುದಿಲ್ಲ, ವಾಪಸ್ ಹರಿಯುವುದನ್ನು ಮಾತ್ರ.

ಹೌದು, ವಾಪಸ್ಸೂ ಹರಿಯುತ್ತದೆ. ಕರೆಂಟ್ ಹೋದಾಗ ಮೇಲಿನ ಟ್ಯಾಂಕಿನ ಒಂದಷ್ಟು ನೀರು ಸಂಪ್‌ಗೆ ಇಳಿದು ಅಲ್ಲಿಯ ಮಟ್ಟ ಏರುತ್ತದೆ. ಪೈಪಿನ ತುದಿ ಆಗ ಮುಳುಗಿದರೆ, ಪೈಪಿನಲ್ಲಿ ಇನ್ನೂ ನೀರಿದ್ದರೆ, ಉಪ್ಪುನೀರು ನೆಲದಲ್ಲಿರುವ ಕ್ಯಾನ್‌ಗೆ ಸೇರಬಹುದು. ಹಾಗಾಗಿ ಪೈಪನ್ನು ಕ್ಲಿಪ್ ಮಾಡುವ ಮೊದಲು ರಿಟರ್ನ್ ಪಂಪ್ (ಸಂಪ್ ನೀರನ್ನು ಮೇಲಿನ ಟ್ಯಾಂಕಿಗೆ ಕಳಿಸುವ ಪಂಪ್) ನಿಲ್ಲಿಸಿ, ನೀರು ಎಲ್ಲಿಯವರೆಗೆ ಏರುತ್ತದೆ ನೋಡಿ, ತುದಿಯನ್ನು ಅದಕ್ಕಿಂತ ಮೇಲೆ ಹಾಕಿ.

ಇನ್ನು ಸೆನ್ಸರ್. ಫ್ಲೋಟ್ ಸ್ವಿಚ್ ಆದರೆ ಫ್ಲೋಟಿನೊಳಗೆ ಅಯಸ್ಕಾಂತ ಇರುತ್ತದೆ, ನಡುವಿನ ಕಡ್ಡಿಯೊಳಗೆ ಸ್ವಿಚ್ಚು. ಕಡ್ಡಿಗೆ ಉಪ್ಪು ಕಟ್ಟಿಕೊಂಡರೆ ಫ್ಲೋಟು ಮೇಲೇ ಸಿಕ್ಕಿಕೊಳ್ಳುತ್ತದೆ, ಟ್ಯಾಂಕ್ ತುಂಬಿದೆ ಅಂತ ಪಂಪು ಸುಮ್ನೆ ಕೂರುತ್ತದೆ. ಬಸವನಹುಳು ಅದರ ಮೇಲೆ ಹತ್ತಿ ಕೂತರೆ ಉಲ್ಟಾ: ನೀರು ಏರಿದರೂ ಫ್ಲೋಟು ಏಳುವುದಿಲ್ಲ. ಬಿಳಿ ವಿನಿಗರ್‌ನಲ್ಲಿ ನೆನೆಸಿ, ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ, ಚೆನ್ನಾಗಿ ತೊಳೆಯಿರಿ. ವಾಪಸ್ ಹಾಕುವಾಗ ಒಂದು ಎಚ್ಚರ. ಬಹಳಷ್ಟು ಫ್ಲೋಟುಗಳನ್ನು ತಲೆಕೆಳಗಾಗಿ ಹಾಕಿದರೆ ಆನ್-ಆಫ್ ಅದಲು ಬದಲಾಗುತ್ತದೆ. ತೊಳೆದ ಮೇಲೆ ಕೆಟ್ಟುಹೋಯಿತು ಅನ್ನುವವರು ಮೊದಲು ಇದನ್ನೇ ನೋಡಬೇಕು.

ಬೆಳಕಿನ ಸೆನ್ಸರ್‌ನ ಕಥೆ ಬೇರೆ. ತುದಿ ಗಾಳಿಯಲ್ಲಿದ್ದಾಗ ಇನ್‌ಫ್ರಾರೆಡ್ ಬೆಳಕು ಒಳಗೇ ಪ್ರತಿಫಲಿಸಿ ವಾಪಸ್ ಬರುತ್ತದೆ, ನೀರಿನಲ್ಲಿದ್ದಾಗ ಹೊರಗೆ ಹೋಗಿಬಿಡುತ್ತದೆ. ತುದಿಗೆ ಪಾಚಿ ಅಥವಾ ಲೋಳೆ ಅಂಟಿದರೆ ಒಣಗಿದ್ದರೂ ನೀರಿದೆ ಅಂದುಕೊಳ್ಳುತ್ತದೆ. ಗುಳ್ಳೆ ಅಂಟಿದರೆ ನೀರಿನಲ್ಲಿದ್ದರೂ ಇಲ್ಲ ಅಂದುಕೊಳ್ಳುತ್ತದೆ. ಮೆತ್ತನೆ ಬಟ್ಟೆಯಿಂದ ಒರೆಸಿ, ಗುಳ್ಳೆ ಏಳುವ ಜಾಗದಿಂದ ದೂರ ಇಡಿ, ಅಷ್ಟೇ.

ಸಂಪ್ ಇದ್ದರೆ ಸೆನ್ಸರ್ ಇರಬೇಕಾದ್ದು ರಿಟರ್ನ್ ಪಂಪ್ ಇರುವ ಕೊನೆಯ ಖಾನೆಯಲ್ಲಿ. ಮಟ್ಟ ಏರಿಳಿಯುವುದು ಅಲ್ಲಿ ಮಾತ್ರ. ಸಂಪ್ ಇಲ್ಲದ 90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ಟ್ಯಾಂಕಿನಲ್ಲಿ 4 ಲೀಟರ್ ನೀರು ಅಂದರೆ ಸುಮಾರು 1 ಸೆಂ.ಮೀ. ಅದೇ ನೀರು 30ಕ್ಕೆ 25 ಸೆಂ.ಮೀ. ಖಾನೆಯಲ್ಲಿ 5 ಸೆಂ.ಮೀ.ಗಿಂತ ಜಾಸ್ತಿ. ಆದರೆ ಈ ಖಾನೆಗೆ ಒಂದು ಕೆಟ್ಟ ಗುಣವಿದೆ. ಅದರ ಹಿಂದಿನ ಸ್ಪಂಜು ಕೊಳೆ ಕಟ್ಟಿಕೊಂಡರೆ ನೀರು ಆಚೆ ಖಾನೆಯಲ್ಲೇ ನಿಂತು, ಇಲ್ಲಿ ಇಳಿಯುತ್ತದೆ. ಸೆನ್ಸರ್ ಪಾಪ ತನ್ನ ಕೆಲಸ ಮಾಡುತ್ತದೆ, ಬೇಡದ ನೀರು ತುಂಬುತ್ತದೆ. ಲವಣಾಂಶ ದಿನೇ ದಿನೇ ಇಳಿಯುತ್ತಿದೆ, ಎಲ್ಲೂ ಚೆಲ್ಲಿಲ್ಲ ಅಂದರೆ ಸ್ಪಂಜು ಹಿಂಡಿ ನೋಡಿ.

ಪಂಪು ಗುಂಯ್ ಅನ್ನುತ್ತದೆ, ನೀರು ಮಾತ್ರ ಬರುವುದಿಲ್ಲ ಅನ್ನುವವರಿಗೆ: ಹೆಚ್ಚಾಗಿ ಒಳಗೆ ಗಾಳಿ ಸಿಕ್ಕಿರುತ್ತದೆ. ಪಂಪನ್ನು ನೀರಿನೊಳಗೇ ಓರೆ ಮಾಡಿ ಅಲ್ಲಾಡಿಸಿ. ಆಗದಿದ್ದರೆ ಪ್ಲಗ್ ಕಿತ್ತು, ಬಿಚ್ಚಿ, ಚಕ್ರಕ್ಕೆ ಸುತ್ತಿಕೊಂಡ ಕಸ ತೆಗೆಯಿರಿ.

ಬೀಪ್ ಬೀಪ್ ಅಂತ ಅಲಾರಂ ಹೊಡೆದರೆ ಪ್ಲಗ್ ಕಿತ್ತು ಹಾಕಿ ಸುಮ್ಮನಾಗಿಸುವ ಅಭ್ಯಾಸ ಬಿಡಿ. ನಿಗದಿತ ಸಮಯ ಪಂಪು ಓಡಿದರೂ ನೀರು ಮಟ್ಟಕ್ಕೆ ಬರಲಿಲ್ಲ ಅಂತ ಅದು ಹೇಳುತ್ತಿರುತ್ತದೆ. ಹೆಚ್ಚಿನ ಸಲ ಕ್ಯಾನ್ ಖಾಲಿ.

ಕೊನೆಗೆ ಎಲ್ಲರೂ ಸೇರಿಸುವ ಉಪಪ್ರಶ್ನೆ: "ಕ್ಯಾನ್ ತುಂಬಿಸೋ ರಗಳೆ ಯಾಕೆ, ಓವರ್‌ಹೆಡ್ ಟ್ಯಾಂಕಿನ ಲೈನಿಗೇ ಬಾಲ್ ವಾಲ್ವ್ ಹಾಕಿ ಕೊಡಬಹುದಲ್ವಾ?" ಕೊಡಬೇಡಿ. ಬೋರ್‌ವೆಲ್ ನೀರಾದರೆ ಅದರ ಗಡಸುತನ ಟ್ಯಾಂಕಿನಲ್ಲಿ ಸೇರುತ್ತಲೇ ಹೋಗುತ್ತದೆ, ನಲ್ಲಿ ನೀರಾದರೆ ಕ್ಲೋರಿನ್ ಕಾಟ. ಅದಕ್ಕಿಂತ ದೊಡ್ಡ ವಿಷಯ, ವಾಲ್ವ್ ಸಿಕ್ಕಿಕೊಂಡರೆ ಆ ಕಡೆ ಇರುವುದು 1000 ಲೀಟರ್. ಕ್ಯಾನ್‌ಗೆ ತಳ ಇದೆ. 100 ಲೀಟರಿನ ಉಪ್ಪುನೀರಿಗೆ 10 ಲೀಟರಿನ ಕ್ಯಾನ್ ಪೂರ್ತಿ ಸುರಿದರೂ ಲವಣಾಂಶ ಸಾವಿರಕ್ಕೆ 35ರಿಂದ ಸುಮಾರು 32ಕ್ಕೆ ಇಳಿಯುತ್ತದೆ. 40 ಲೀಟರಿನ ಡ್ರಮ್ ಇಟ್ಟಿದ್ದರೆ 25ಕ್ಕೆ. ಮೊದಲನೆಯದನ್ನು ನಿಧಾನವಾಗಿ ಸರಿ ಮಾಡಬಹುದು. ಎರಡನೆಯದರಲ್ಲಿ ಹವಳ ಉಳಿಯುವುದು ಕಷ್ಟ.