ಪ್ಯಾಕ್ ಬಿಚ್ಚಬಹುದು, ಸೆಲ್ ಬಿಚ್ಚಬಾರದು

ಮೇ ತಿಂಗಳು ಬಂತೆಂದರೆ ಗೋಣಿಕೊಪ್ಪದ ನಮ್ಮ ಸರ್ವಿಸ್ ಟೇಬಲ್ ತುಂಬ ತೋಟಕ್ಕೆ ಬೋರ್ಡೋ (ಮೈಲುತುತ್ತು-ಸುಣ್ಣದ ದ್ರಾವಣ) ಹೊಡೆಯುವ ಬ್ಯಾಟರಿ ಪಂಪುಗಳೇ. ಮಳೆ ಹಿಡಿಯುವುದರೊಳಗೆ ಸ್ಪ್ರೇ ಮುಗಿಸಬೇಕು, ಎಲ್ಲರಿಗೂ ಪಂಪು ಅವತ್ತೇ ಬೇಕು. ಆ ಅವಸರದಲ್ಲಿ ಕೆಲಸದ ಹುಡುಗನೊಬ್ಬ 3ಎಸ್ ಪ್ಯಾಕಿನ, ಅಂದರೆ ಮೂರು ಲಿಥಿಯಂ ಸೆಲ್ ಸಾಲಾಗಿ ಸೇರಿಸಿದ ಬ್ಯಾಟರಿಯ, ನಿಕ್ಕಲ್ ಪಟ್ಟಿ ಎಬ್ಬಿಸಲು ಕಟ್ಟರ್ ತೂರಿಸಿದ. ಅದೂ ಪ್ಲಸ್ ತುದಿಯಲ್ಲಿ.

ಪ್ಯಾಕಿನೊಳಗಿನ 18650 ಎಂಬ ದುಂಡು ಲಿಥಿಯಂ ಸೆಲ್ಲಿನ ಪ್ಲಸ್ ತುದಿಯನ್ನು ಒಮ್ಮೆ ಕಣ್ಣ ಹತ್ತಿರ ಹಿಡಿದು ನೋಡಿ. ನಡುವಿನ ಟೊಪ್ಪಿ ಪ್ಲಸ್. ಸುತ್ತ ಮಡಚಿದ ಅಂಚು ಮೈನಸ್, ಯಾಕೆಂದರೆ ಇಡೀ ಉಕ್ಕಿನ ಡಬ್ಬಿಯೇ ಮೈನಸ್. ಎರಡನ್ನೂ ಬೇರೆ ಮಾಡಿರುವುದು ಒಂದು ಸಣ್ಣ ಪ್ಲಾಸ್ಟಿಕ್ ಬಳೆ, ಮೇಲಿನ ತೆಳು ಹೊದಿಕೆ. ಅಲಗು ಎರಡಕ್ಕೂ ತಗುಲಿ ಅಲ್ಲೇ ಅಂಟಿಕೊಂಡಿತು. ಹುಡುಗ ಎಳೆದ, ಬರಲಿಲ್ಲ. ಹೊದಿಕೆ ಸುಕ್ಕುಗಟ್ಟಿತು, ನೇಲ್ ಪಾಲಿಶ್ ಒರೆಸುವ ದ್ರವದಂಥ ಸಿಹಿ ವಾಸನೆ ಬಂತು. ಸೀನಿಯರ್ ಇಕ್ಕಳದಲ್ಲಿ ಪ್ಯಾಕ್ ಎತ್ತಿ ಅಂಗಳಕ್ಕೆ ಎಸೆಯುವುದಕ್ಕೂ ಅದು ಸುಯ್ಯೆಂದು ಹೊಗೆ ಉಗುಳುವುದಕ್ಕೂ ಸರಿಹೋಯಿತು. ಬೆಂಕಿ ಆರಿತು ಎಂದುಕೊಂಡಾಗ ಪಕ್ಕದ ಸೆಲ್ ಹೊತ್ತಿಕೊಂಡಿತು.

ಅವರು ಧೈರ್ಯ ಮಾಡಿದರು, ಆದರೆ ಅದು ತಪ್ಪು. ಬರೀ ಬಿಸಿ ಇದ್ದರೆ ಇಕ್ಕಳದಲ್ಲಿ ಹೊರಗೆ ಒಯ್ಯಬಹುದು. ವಾಸನೆ ಬಂತೋ, ಸದ್ದು ಬಂತೋ, ಪ್ಯಾಕನ್ನು ಅಲ್ಲೇ ಬಿಟ್ಟು ಜನ ಹೊರಗೆ ಬರಬೇಕು. ಮರಳಿನ ಬಕೆಟ್ ಕೊಡಿಸಿ ಎಂದು ಮೊದಲಿಂದ ಕೇಳುತ್ತಿದ್ದೆವು. ಮಾಲೀಕರು ಕೊಡಿಸಿದ್ದು ಇದಾದ ಮೇಲೆ.

ಸೆಲ್ಲಿನ ಒಳಗಿರುವುದು ಫಾಯಿಲ್ ಸುರುಳಿ, ನಡುವೆ ಕೂದಲಿಗಿಂತ ತೆಳುವಾದ ಹಾಳೆ. ಚುಚ್ಚಿದರೆ, ಬಗ್ಗಿಸಿದರೆ ಒಳಗೇ ಶಾರ್ಟ್. ದ್ರವ ಬೇಗ ಹೊತ್ತುವಂಥದ್ದು, ಅದರಲ್ಲಿರುವ ಲಿಥಿಯಂ ಲವಣ ನೀರಿನ ಪಸೆ ತಾಗಿದರೆ ಹೈಡ್ರೋಫ್ಲೋರಿಕ್ ಆಮ್ಲವಾಗುತ್ತದೆ. ನಮ್ಮ ಆಷಾಢದ ಗಾಳಿಯಲ್ಲಿ ಪಸೆಗೇನು ಬರ! ಮೀಟರ್ ಸೊನ್ನೆ ತೋರಿಸಿತೆಂದು ನಂಬಬೇಡಿ: ಟೊಪ್ಪಿಯ ಕೆಳಗಿನ ಸುರಕ್ಷತಾ ತಟ್ಟೆ ಕಳಚಿಕೊಂಡಿದ್ದರೆ ಹೊರಗೆ ಸೊನ್ನೆ, ಒಳಗೆ ಪೂರ್ತಿ ಚಾರ್ಜ್ ಇರಬಹುದು.

ಪ್ಯಾಕ್ ಬಿಚ್ಚುವಾಗ ಉಂಗುರ, ವಾಚು ತೆಗೆದಿಡಿ. ಬಿಎಂಎಸ್‌ನ (ಸೆಲ್ ಕಾಯುವ ಸರ್ಕ್ಯೂಟ್ ಬೋರ್ಡ್) ಸಣ್ಣ ವೈರುಗಳ ಬ್ಯಾಲೆನ್ಸ್ ಕನೆಕ್ಟರ್ ಮೊದಲು, ದಪ್ಪ ವೈರ್ ಆಮೇಲೆ, ಒಂದು ಸಲಕ್ಕೆ ಒಂದೇ ವೈರ್. ಚೆನ್ನಾಗಿರುವ ಸೆಲ್‌ಗಳನ್ನು 5 ಓಮ್, 10 ವ್ಯಾಟ್ ರೆಸಿಸ್ಟರ್ ಹಾಕಿ ಒಂದೊಂದಾಗಿ 3 ವೋಲ್ಟಿಗೆ ಇಳಿಸಿ. ಇಡೀ ಪ್ಯಾಕಿಗೆ ಬಲ್ಬ್ ಹಾಕಿ ಇಳಿಸಿದರೆ ಡೆಡ್ ಸೆಲ್ ಉಲ್ಟಾ ಚಾರ್ಜ್ ಆಗುತ್ತದೆ. ಪಟ್ಟಿ ಎಬ್ಬಿಸಬೇಡಿ, ಎರಡು ಸೆಲ್‌ಗಳ ನಡುವೆ ಕತ್ತರಿಸಿ. ಕತ್ತರಿಸಿದ ತುದಿಗೆ ಆಗಲೇ ಟೇಪ್ ಸುತ್ತಿ. ಉಬ್ಬಿದ ಮೊಬೈಲ್ ಬ್ಯಾಟರಿಯ ಗಾಳಿ ತೆಗೆಯಲು ಸೂಜಿ ಹಿಡಿಯಲೇಬೇಡಿ.

ಪೆನ್ಸಿಲ್ ಸೆಲ್ ನಿರುಪದ್ರವಿ ಎಂದುಕೊಂಡವರು ಬಹಳ. ಶಾಲೆಯ ಪ್ರಾಜೆಕ್ಟಿಗೆ ಕಾರ್ಬನ್ ಕಡ್ಡಿ ಬೇಕೆಂದು ಮಕ್ಕಳು ಒಡೆಯುತ್ತಾರೆ. ಕಡ್ಡಿ ಇರುವುದು ಹಳೇ ಜಿಂಕ್ ಸೆಲ್ಲಿನಲ್ಲಿ. ಆಲ್ಕಲೈನ್ ಸೆಲ್ಲಿನಲ್ಲಿರುವುದು ಹಿತ್ತಾಳೆ ಮೊಳೆ, ಸುತ್ತ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೆರೆತ ಸತುವಿನ ಪೇಸ್ಟ್. ಒಳಗೆ ಗ್ಯಾಸ್ ಕಟ್ಟಿದ್ದರೆ ಒಡೆದ ಕೂಡಲೇ ಮುಖಕ್ಕೆ ಸಿಡಿಯುತ್ತದೆ. ಕೈಗೆ ತಾಗಿದರೆ ಸೋಪಿನಂತೆ ಜಾರುತ್ತದೆ, ಚರ್ಮ ಕರಗುತ್ತಿದೆ ಎಂದರ್ಥ. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ನಲ್ಲಿ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆದು ನೇರ ಆಸ್ಪತ್ರೆಗೆ. ನಿಂಬೆರಸ, ವಿನೆಗರ್ ಟಾರ್ಚಿನ ಸ್ಪ್ರಿಂಗಿನ ಬಿಳಿ ಪುಡಿ ಒರೆಸಲು ಸರಿ, ಕಣ್ಣಿಗೆ ಹಾಕಬೇಡಿ. ಪ್ರಾಜೆಕ್ಟಿಗೆ ಎರಡೂ ತುದಿ ಚೂಪು ಮಾಡಿದ ಪೆನ್ಸಿಲ್ ಸಾಕು.

ತೆಗೆದ ಸೆಲ್‌ಗಳ ಎರಡೂ ತುದಿಗೆ ಟೇಪ್ ಹಾಕಿ, ಒಣ ಮರಳಿರುವ ತಗಡಿನ ಡಬ್ಬಿಯಲ್ಲಿಟ್ಟು, ಮಳೆ ತಾಗದ ಕಡೆ, ಟೇಬಲ್ಲಿನಿಂದ ದೂರ ಇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೇ ಬ್ಯಾಟರಿ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಡೀಲರ್ ಹೊಸ ಪ್ಯಾಕ್ ತಂದಾಗ ಆ ಡಬ್ಬಿ ಅವರ ಗಾಡಿಯಲ್ಲೇ ವಾಪಸ್ ಹೋಗಲಿ.