ಹೋಸ್ಟ್ ಮನೆಗೆ ಏನು ಗಿಫ್ಟ್ ಒಯ್ಯೋದು?

ಎಕ್ಸ್‌ಚೇಂಜ್ ಪ್ರೋಗ್ರಾಮ್‌ಗೆ, ಅಂದ್ರೆ ಬೇರೆ ದೇಶದಲ್ಲಿ ಒಂದು ಮನೆಯವರ (ಹೋಸ್ಟ್) ಜೊತೆ ಸ್ವಲ್ಪ ದಿನ ಇರೋಕೆ ಹೊರಡೋರು ಗಿಫ್ಟ್ ವಿಷಯಕ್ಕೆ ಸಿಕ್ಕಾಪಟ್ಟೆ ತಲೆ ಕೆಡಿಸ್ಕೋತಾರೆ, ದುಡ್ಡು ಜಾಸ್ತಿ ಹಾಕಿದ್ರೇನೇ ಮರ್ಯಾದೆ ಅನ್ಕೊಂಡು. ನನಗೇನೋ ಹಂಗನ್ಸಲ್ಲ. ತೀರಾ ದುಬಾರಿದು ಕೊಟ್ರೆ ಆ ಮನೆಯವರಿಗೇ ಮುಜುಗರ, ವಾಪಸ್ ಏನು ಕೊಡೋದಪ್ಪಾ ಅಂತ. ಮನೇಲಿ ಯಾರ್ಯಾರಿದಾರೆ, ಮಕ್ಕಳ ವಯಸ್ಸೆಷ್ಟು, ಯಾರಿಗಾದ್ರೂ ಅಲರ್ಜಿ ಇದ್ಯಾ ಅಂತ ಮೊದಲೇ ಒಂದು ಮೇಲ್ ಹಾಕಿ ಕೇಳ್ಬಿಡಿ, ಅರ್ಧ ಕೆಲಸ ಮುಗೀತು.

ತಿನ್ನೋದು ಒಯ್ಯೋದಾದ್ರೆ ಕಸ್ಟಮ್ಸ್ ರೂಲ್ಸ್ ನೋಡ್ಲೇಬೇಕು, ಯುರೋಪಿಯನ್ ಯೂನಿಯನ್‌ಗೆ ಬೇರೆ ದೇಶಗಳಿಂದ ಹೋಗೋರು ಮಾಂಸ, ಹಾಲಿನ ಪದಾರ್ಥ ಸಾಮಾನ್ಯವಾಗಿ ಒಯ್ಯೋ ಹಂಗಿಲ್ಲ, ಆಸ್ಟ್ರೇಲಿಯಾದಲ್ಲಿ ತಿನ್ನೋ ಸಾಮಾನು ಏನೇ ಇದ್ರೂ ಡಿಕ್ಲೇರ್ ಮಾಡ್ಬೇಕು, ಅಂದ್ರೆ ಇದೆ ಅಂತ ಹೇಳ್ಬೇಕು. ಜಪಾನಲ್ಲಿ ಗಿಫ್ಟನ್ನ ಕೊಟ್ಟೋರ ಎದುರಿಗೇ ಬಿಚ್ಚದೆ ಪಕ್ಕಕ್ಕಿಡೋದು ಮಾಮೂಲು, ಇಷ್ಟ ಆಗ್ಲಿಲ್ವೇನೋ ಅಂತ ಬೇಜಾರು ಮಾಡ್ಕೋಬೇಡಿ.

ನಾನು ಕೊಟ್ಟಿದ್ರಲ್ಲಿ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಒಂದು ಚಿಕ್ಕ ಫೋಟೋ ಆಲ್ಬಮ್. ಪ್ರತಿ ಫೋಟೋ ಕೆಳಗೆ ಯಾರು, ಎಲ್ಲಿ ಅಂತ ಪೆನ್ನಲ್ಲಿ ಒಂದೊಂದು ಸಾಲು ಬರ್ದಿದ್ದೆ. ಆ ಮನೆ ಅಜ್ಜಿ ಕನ್ನಡಕ ಹಾಕ್ಕೊಂಡು, ಬೆರಳಿಟ್ಟು ಒಬ್ಬೊಬ್ರನ್ನೇ ತೋರ್ಸಿ ಕೇಳ್ತಾ ಕೂತ್ರು, ನಮ್ಮಿಬ್ರಿಗೂ ಮಾತಿನ ಸಂಕೋಚ ಹೋಗಿದ್ದೇ ಅವತ್ತು. ಹಾಂ, ಎಲ್ಲಾ ಮೊದಲನೇ ದಿನಾನೇ ಕೊಟ್ಬಿಡ್ಬೇಡಿ, ಹೊರಡೋ ದಿನಕ್ಕೂ ಒಂದು ಎತ್ತಿಟ್ಕೊಳ್ಳಿ.