ಪಕ್ಕದ ಮೂವತ್ತು ಗುಂಟೆ

ಹೋದ ವರ್ಷ ನಮ್ಮ ತೆಂಗಿನ ತೋಟದ ಪಕ್ಕದ ಮೂವತ್ತು ಗುಂಟೆ ಮಾರಾಟಕ್ಕೆ ಬಂತು. "ಹೊರಗಿನವರಿಗೆ ಯಾಕೆ ಕೊಡ್ಲಿ, ನೀನೇ ತಗೊಂಡ್ಬಿಡು ಮಗ" ಅಂದರು ಪಕ್ಕದ ತೋಟದ ದೊಡ್ಡಪ್ಪ. ಸ್ವಂತ ದೊಡ್ಡಪ್ಪ ಅಲ್ಲ, ಊರಲ್ಲಿ ಹಾಗೆ ಕರೆದು ರೂಢಿ. ಬದುವಿನ ಮೇಲೆ ನಿಂತು ಎಳನೀರು ಕುಡಿಯುತ್ತಾ ರೇಟೂ ಕುದುರಿಸಿಕೊಂಡೆವು.

ಕಾಗದ ಮಾಡಿಸೋಣ ಅಂತ ತಿಪಟೂರಿಗೆ ಹೋದೆವು. ಪತ್ರ ಬರೆಯುವವರು ನನ್ನ ಆಧಾರ್, ಪ್ಯಾನ್ ತಿರುಗಿಸಿ ನೋಡಿ ಎಲ್ಲ ಸರಿಯಿದೆ ಅಂದರು. ನಾನೇ ಬಾಯಿಬಿಟ್ಟೆ. "ಸಾರ್, ನನ್ನದು ಅಮೆರಿಕ ಪಾಸ್‌ಪೋರ್ಟು, ಓಸಿಐ ಕಾರ್ಡ್ ಇದೆ." ಅವರು ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಸೈಟು ತಗೊಳ್ಳಿ, ಮನೆ ತಗೊಳ್ಳಿ. ಜಮೀನು ಮಾತ್ರ ನಿಮಗೆ ಬರಲ್ಲ."

ದೊಡ್ಡಪ್ಪ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅದೇ ತೋಟದಲ್ಲಿ ಗೋಲಿ ಆಡಿ ಬೆಳೆದವನು ನಾನು.

ಓಸಿಐ, ಅಂದರೆ 'ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ' ಅನ್ನೋ ಹೆಸರೇ ಮೋಸ ಮಾಡುತ್ತದೆ ನೋಡಿ. ಅದರಲ್ಲಿ 'ಸಿಟಿಜನ್' ಅಂತ ಇದೆ, ಪಾಸ್‌ಪೋರ್ಟಿನ ಥರಾನೇ ಪುಸ್ತಕ ಕೊಡುತ್ತಾರೆ, ಮೇಲೆ ಸಿಂಹದ ಮುದ್ರೆ ಬೇರೆ. ಆದರೆ ಅದು ಪೌರತ್ವ ಅಲ್ಲವೇ ಅಲ್ಲ. ಬದುಕಿರುವವರೆಗೂ ನಡೆಯುವ ಒಂದು ವೀಸಾ, ಅಷ್ಟೇ. ನಮ್ಮ ಪೌರತ್ವ ಕಾಯ್ದೆಯ 9ನೇ ಕಲಂ ಪ್ರಕಾರ ಇನ್ನೊಂದು ದೇಶದ ಪೌರತ್ವವನ್ನು ನಾವಾಗಿ ತೆಗೆದುಕೊಂಡರೆ ಇಲ್ಲಿನದು ಹೋದಂತೆಯೇ. ಹಳೇ ಪಾಸ್‌ಪೋರ್ಟ್ ವಾಪಸ್ ಕೊಟ್ಟು ಕ್ಯಾನ್ಸಲ್ ಮಾಡಿಸಬೇಕು. ಅದನ್ನು ಬೀರುವಿನಲ್ಲಿಟ್ಟುಕೊಂಡು ಓಡಾಡಿದರೆ ದಂಡ ಬೀಳುತ್ತದೆ.

2021ರ ಮಾರ್ಚ್ 4ರಂದು ಕೇಂದ್ರ ಗೃಹ ಇಲಾಖೆ ಹೊರಡಿಸಿದ ಅಧಿಸೂಚನೆಯಲ್ಲಿ ಓಸಿಐಗಳಿಗೆ ಏನುಂಟು ಏನಿಲ್ಲ ಅಂತ ಬರೆದಿದೆ. ಕೃಷಿ ಜಮೀನು, ಫಾರ್ಮ್‌ಹೌಸ್, ಪ್ಲಾಂಟೇಶನ್ ಈ ಮೂರನ್ನು ಬಿಟ್ಟು ಉಳಿದ ಆಸ್ತಿಯನ್ನು ಎನ್ಆರ್‌ಐಗಳ ಹಾಗೆ ಕೊಳ್ಳಬಹುದು, ಮಾರಬಹುದು. ನೀವು ಇಲ್ಲಿಗೇ ಬಂದು ನೆಲೆಸಿದ್ದೀರಿ, ಫೆಮಾ ಅನ್ನೋ ವಿದೇಶಿ ವಿನಿಮಯ ಕಾಯ್ದೆಯ ಲೆಕ್ಕದಲ್ಲಿ ಈಗ ರೆಸಿಡೆಂಟ್, ವಾದ ಮಾಡಿ ನೋಡಬಹುದು ಅಂತ ಒಬ್ಬ ವಕೀಲರು ಹುರಿದುಂಬಿಸಿದರು. ಮೂವತ್ತು ಗುಂಟೆಗೋಸ್ಕರ ಕೋರ್ಟು ಹತ್ತುವ ಧೈರ್ಯ ನನಗಿಲ್ಲ.

ತಮಾಷೆ ಏನಂದ್ರೆ, ಕರ್ನಾಟಕದಲ್ಲಿ 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ಹಾರೆ ಹಿಡಿಯದವರೂ ಜಮೀನು ಕೊಳ್ಳಬಹುದು.

"ಅಯ್ಯೋ, ಭಾವನ ಹೆಸರಲ್ಲಿ ತಗೊಂಡ್ರಾಯ್ತು ಬಿಡು" ಅಂತ ಮನೆಯಲ್ಲಿ ಎಲ್ಲರೂ ಅಂದರು. ಭಾವ ಒಳ್ಳೆಯವರೇ, ಆ ಮಾತು ಬೇರೆ. ಆದರೆ ದುಡ್ಡು ನನ್ನದು, ಹೆಸರು ಅವರದು ಅಂದ್ರೆ ಅದಕ್ಕೆ ಬೇನಾಮಿ ಅಂತಾರೆ. ಸಾಬೀತಾದರೆ ಒಂದರಿಂದ ಏಳು ವರ್ಷ ಜೈಲು, ಜಮೀನಿನ ಮಾರುಕಟ್ಟೆ ಬೆಲೆಯ ಶೇ 25ರವರೆಗೆ ದಂಡ, ಜಮೀನೂ ಸರ್ಕಾರದ ಪಾಲು. ಸುಮ್ನೆ ಭಾವನನ್ನೂ ಸೇರಿಸಿ ಹಳ್ಳಕ್ಕೆ ಬೀಳೋದು ಯಾಕೆ?

ಹಾಗಾದ್ರೆ ನಿನ್ನ ಹೆಸರಲ್ಲಿರೋ ಎರಡೆಕರೆ ಹೇಗೆ ಬಂತು ಅಂತ ಕೇಳಬಹುದು. ಅದು ಅಪ್ಪನಿಂದ ವಾರಸಾಗಿ ಬಂದದ್ದು. ವಾರಸಿಗೆ ಅಡ್ಡಿಯಿಲ್ಲ. ವಂಶವೃಕ್ಷ ಮಾಡಿಸಿ, ಅಕ್ಕನ ಒಪ್ಪಿಗೆ ತೆಗೆದುಕೊಂಡು ಪೌತಿ ಖಾತೆಗೆ ಅರ್ಜಿ ಹಾಕಿದೆ, ಪಹಣಿಯಲ್ಲಿ ಹೆಸರು ಕೂತಿತು. ನಾನಿನ್ನೂ ಅಮೆರಿಕದಲ್ಲಿದ್ದಾಗ ಅಪ್ಪ ದಾನಪತ್ರ ಮಾಡಿಬಿಡ್ತೀನಿ ಅಂತ ಹಟ ಹಿಡಿದಿದ್ದರು. ಮಾಡಿಸಿದ್ದರೆ ಎಡವಟ್ಟಾಗುತ್ತಿತ್ತು. ಯಾಕಂದ್ರೆ ಹೊರದೇಶದಲ್ಲಿರುವ ಓಸಿಐ ಕೃಷಿ ಜಮೀನನ್ನು ದಾನವಾಗಿ ಪಡೆಯೋ ಹಾಗಿಲ್ಲ, ಫೆಮಾ ಉಲ್ಲಂಘನೆಗೆ ಆ ಮೊತ್ತದ ಮೂರು ಪಟ್ಟಿನವರೆಗೂ ದಂಡ ಹಾಕಬಹುದು. ಅದೇ ಜಮೀನು, ಅದೇ ಅಪ್ಪ, ಅದೇ ಮಗ. ದಾರಿ ಮಾತ್ರ ಬೇರೆ.

ಉಳಿದದ್ದೆಲ್ಲ ಅಷ್ಟು ತಲೆನೋವಲ್ಲ. ವಿದೇಶಿಯರ ನೋಂದಣಿ ಕಚೇರಿಗೆ ಹೋಗಿ ರಿಜಿಸ್ಟರ್ ಆಗಬೇಕಿಲ್ಲ, ಆದರೆ ಕಾಯಂ ವಿಳಾಸ ಬದಲಾದರೆ, ಕೆಲಸ ಬದಲಾದರೆ ಅವರಿಗೆ ಇಮೇಲ್ ಹಾಕಬೇಕು. ಬಹಳ ಜನ ಇದನ್ನು ಮರೆಯುತ್ತಾರೆ, ನಾನೂ ಮರೆತಿದ್ದೆ. ಪತ್ರಿಕೋದ್ಯಮ, ಸಂಶೋಧನೆ, ಪರ್ವತಾರೋಹಣಕ್ಕೆಲ್ಲ ವಿಶೇಷ ಅನುಮತಿ ಬೇಕು. ಹಂಪಿಯ ವಿಠ್ಠಲ ದೇವಸ್ಥಾನದಲ್ಲಿ ಟಿಕೆಟ್ ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600. ಅಲ್ಲಿ ನಾನು 40ರ ಸಾಲಿನವನು, ಕಾರ್ಡ್ ತೋರಿಸಿದರೆ ಆಯ್ತು.

ಮಗಳ ಕಾಲೇಜಿನ ವಿಷಯದಲ್ಲಿ ಮಾತ್ರ ನಿದ್ದೆ ಕೆಟ್ಟಿತ್ತು. 2021ರ ಅದೇ ಅಧಿಸೂಚನೆ ನೀಟ್, ಜೆಇಇ ಥರದ ಪರೀಕ್ಷೆ ಬರೆಯುವ ಓಸಿಐ ಮಕ್ಕಳನ್ನು ಎನ್ಆರ್‌ಐ ಸೀಟುಗಳಿಗೆ ತಳ್ಳಿತು. ಅವುಗಳ ಫೀಸು ಕೇಳಿದರೆ ಎದೆ ಒಡೆಯುತ್ತೆ. 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ಆ ಅಧಿಸೂಚನೆಗೆ ಮುಂಚೆಯೇ ಕಾರ್ಡ್ ಪಡೆದವರಿಗೆ ಈ ನಿರ್ಬಂಧ ಅನ್ವಯಿಸಲ್ಲ ಅಂತ ಹೇಳಿತು. ಮಗಳ ಕಾರ್ಡ್ 2016ರದ್ದು. ಬಚಾವ್.

ಇನ್ನು ಆ ಕಡೆಯ ಋಣ. ತಿಪಟೂರಿನ ತೋಟದ ಮನೆಯಲ್ಲಿ ಕೂತಿದ್ದರೂ ನಾನು ಪ್ರತಿ ವರ್ಷ ಅಮೆರಿಕಕ್ಕೆ ಟ್ಯಾಕ್ಸ್ ರಿಟರ್ನ್ ಹಾಕಬೇಕು. ಇಲ್ಲಿನ ಬ್ಯಾಂಕ್ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ದಾಟಿದರೆ ಅದನ್ನೂ ಬೇರೆ ಫಾರಂನಲ್ಲಿ ಹೇಳಬೇಕು. ಇಲ್ಲಿ 182 ದಿನ ಇದ್ದರೆ ಇಲ್ಲಿಯೂ ತೆರಿಗೆ ಲೆಕ್ಕ ಕೊಡಬೇಕು. ಎರಡೂ ಸರ್ಕಾರಕ್ಕೆ ತೆರಿಗೆ ಲೆಕ್ಕ ಕೊಡ್ತೀನಿ, ಊರ ಪಂಚಾಯಿತಿಗೆ ಮಾತ್ರ ಓಟು ಹಾಕೋ ಹಾಗಿಲ್ಲ. ಗ್ರಾಮ ಪಂಚಾಯಿತಿ ಚುನಾವಣೆ ಬಂದಾಗ ಎಲ್ಲರೂ ಮನೆಗೆ ಬರುತ್ತಾರೆ, ಅಮ್ಮನಿಗೆ ಕೈಮುಗಿದು, ನನಗೆ "ಚೆನ್ನಾಗಿದ್ದೀರಾ" ಅಂತ ಕೇಳಿ ಹೋಗುತ್ತಾರೆ.

ಮೂವತ್ತು ಗುಂಟೆ ಕೊನೆಗೆ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗನೊಬ್ಬನಿಗೆ ಹೋಯಿತು. ಭಾನುವಾರ ಕಾರಲ್ಲಿ ಬರುತ್ತಾನೆ. ಮೊನ್ನೆ ಬದುವಿನ ಆ ಕಡೆ ನಿಂತು, "ಅಂಕಲ್, ಈ ಕಾಯಿ ಯಾವಾಗ ಕೀಳಿಸ್ಬೇಕು?" ಅಂತ ಕೇಳಿದ.